ನಾಲ್ಕು ಜನ, ಎರಡು ಹೊಟ್ಟೆ

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಹೊಟ್ಟೆ ಮಾತ್ರ ಎರಡೇ.

ಕೇಳಿದವರು ಇದನ್ನು ಬಡತನದ ಕಥೆ ಎಂದುಕೊಳ್ಳುತ್ತಾರೆ. ಅಲ್ಲ. ಗದಗಿನ ಸ್ಟೇಶನ್ ರಸ್ತೆಯಲ್ಲಿ ನಮ್ಮದೊಂದು ಖಾನಾವಳಿ ಇದೆ. ಊರಿಗೆ ಊರೇ ಯಂತ್ರ ಬಡಿದ ರೊಟ್ಟಿ ತಿನ್ನುವ ಈ ಕಾಲದಲ್ಲೂ ನಮ್ಮಲ್ಲಿ ಕೈಯಲ್ಲಿ ಬಡಿದ ಬಿಸಿ ಜೋಳದ ರೊಟ್ಟಿ ಸಿಗುತ್ತದೆ. ಬಂದವರ ಹೊಟ್ಟೆ ತುಂಬಿಸುವುದು ನಮ್ಮ ಹೊಟ್ಟೆಪಾಡು. ಆದರೆ ನನ್ನ ಅಣ್ಣ ಅಂದಾನಪ್ಪನಿಗೂ ನನಗೂ ತುಂಬಿಸಿಕೊಳ್ಳಲು ಹೊಟ್ಟೆ ಇಲ್ಲ. ಡಾಕ್ಟರು ಜಠರವನ್ನು ಇಡಿಯಾಗಿ ತೆಗೆದು, ಅನ್ನನಾಳವನ್ನು ನೇರ ಕರುಳಿಗೆ ಹೊಲಿದಿದ್ದಾರೆ. ನಡುವಿನ ಒಂದು ನಿಲ್ದಾಣ ರದ್ದಾದ ರೈಲಿನಂತೆ, ಉಂಡದ್ದು ಎಲ್ಲಿಯೂ ನಿಲ್ಲದೆ ಮುಂದಕ್ಕೆ ಹೋಗುತ್ತದೆ.

ರೋಗ ಬಂತೆಂದು ತೆಗೆದದ್ದಲ್ಲ, ಬಂದೀತೆಂದು ತೆಗೆದದ್ದು. ನಮ್ಮ ಅಪ್ಪ, ಇಬ್ಬರು ಕಾಕಾಗಳು, ಒಬ್ಬ ಸೋದರತ್ತೆ, ಎಲ್ಲರೂ ಹೊಟ್ಟೆಯ ಕ್ಯಾನ್ಸರಿನಲ್ಲೇ ಹೋದರು. ಬೇರೆ ಮನೆತನಗಳಲ್ಲಿ ಅಣ್ಣತಮ್ಮಂದಿರು ಆಸ್ತಿ ಪಾಲಿಗಾಗಿ ಕೋರ್ಟಿಗೆ ಹೋಗುತ್ತಾರೆ. ನಮ್ಮ ಮುತ್ಯಾ ಬಿಟ್ಟುಹೋದದ್ದನ್ನು ಯಾರೂ ಕೇಳಲಿಲ್ಲ, ಆದರೂ ಎಲ್ಲರಿಗೂ ಬಂತು.

ಇದರ ವಿಜ್ಞಾನ ನಮ್ಮ ಅಡುಗೆಮನೆಗೆ ಅರ್ಥವಾಗುವಂಥದೇ. ಶೇಂಗಾ ಉಂಡಿಯಲ್ಲಿ ಒಂದೊಂದು ಕಾಳನ್ನೂ ಹಿಡಿದು ನಿಲ್ಲಿಸುವುದು ಬೆಲ್ಲದ ಪಾಕ. ಮೈಯೊಳಗಿನ ಜೀವಕೋಶಗಳ ನಡುವೆಯೂ ಅಂಥದೇ ಒಂದು ಅಂಟು ಇರುತ್ತದೆ. ಆ ಅಂಟನ್ನು ಮಾಡುವ ವಿಧಾನ ಪ್ರತಿ ಕೋಶದಲ್ಲಿ ಎರಡು ಪ್ರತಿಗಳಲ್ಲಿ ಬರೆದಿರುತ್ತದೆ. ಅವ್ವನಿಂದ ಒಂದು, ಅಪ್ಪನಿಂದ ಒಂದು. ನಮ್ಮ ಮನೆತನದಲ್ಲಿ ಒಂದು ಪ್ರತಿ ಹುಟ್ಟುವಾಗಲೇ ಹರಿದದ್ದು. ಎಂದೋ ಒಂದು ದಿನ ಜಠರದ ಗೋಡೆಯ ಯಾವುದೋ ಒಂದು ಕೋಶದಲ್ಲಿ ಎರಡನೆಯದೂ ಹರಿದರೆ ಆ ಕೋಶ ಯಾರಿಗೂ ಅಂಟದೆ ಊರೂರು ಅಲೆಯತೊಡಗುತ್ತದೆ. ಅದೇ ಕ್ಯಾನ್ಸರು. ನಂಟಿದೆ, ಅಂಟಿಲ್ಲ, ನಮ್ಮ ವಂಶದ ಚರಿತ್ರೆ ಇಷ್ಟೇ.

ಜಠರ ಹೋದ ಮೇಲೆ ನೋವೇನೂ ಇಲ್ಲ. ಹಸಿವೂ ಇಲ್ಲ. ಹಸಿವು ಹುಟ್ಟಿಸುವ ರಸ ಜಠರದಲ್ಲೇ ತಯಾರಾಗುತ್ತದಂತೆ. ಕಾರ್ಖಾನೆ ಮುಚ್ಚಿದ ಮೇಲೆ ಮಾಲು ಎಲ್ಲಿಂದ ಬರಬೇಕು? ಹಸಿವಿನ ಹಿಂದೆ ಇನ್ನೂ ಕೆಲವು ಸಾಮಾನು ಹೋದವು. ಎದುರಿಗೆ ಹೊಸ ಖಾನಾವಳಿ ಶುರುವಾಗಿ ಜನ ಅಲ್ಲಿ ಮುಗಿಬಿದ್ದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಕಿಚ್ಚು ಹಚ್ಚಲು ಒಲೆಯೇ ಇಲ್ಲ. ಸೋದರತ್ತೆಯ ಮಣ್ಣಿಗೆ ಹೋದಾಗ ಎಲ್ಲರೂ ಹೊಟ್ಟೆ ಬಡಿದುಕೊಂಡು ಅತ್ತರು. ನಾನು ಕೈಕಟ್ಟಿ ನಿಂತಿದ್ದೆ. ಜನ ಅದನ್ನು ವೈರಾಗ್ಯ ಎಂದರು. ನಾನೂ ಇರಬಹುದು ಎಂದುಕೊಂಡೆ.

ಹಸಿವಿಲ್ಲದವರಿಗೆ ಉಣ್ಣುವುದು ನೆನಪಿರುವುದಿಲ್ಲ. ಒಮ್ಮೆಲೇ ಹೆಚ್ಚು ಹಿಡಿಸುವುದೂ ಇಲ್ಲ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ತಿನ್ನಬೇಕು. ಅದಕ್ಕೆ ನನ್ನ ಹೆಂಡತಿ ದಾಕ್ಷವ್ವ ಒಂದು ಪದ್ಧತಿ ಮಾಡಿದ್ದಳು. ಹಿಟ್ಟು ನಾದುವ ಹಿತ್ತಾಳೆ ಪರಾತಕ್ಕೆ ಸೌಟಿನಿಂದ ಟಣ್ ಟಣ್ ಎಂದು ಬಡಿಯುತ್ತಿದ್ದಳು. ಗಲ್ಲಾದ ಮೇಲಿದ್ದ ಅಣ್ಣ ಎದ್ದು ಬರುತ್ತಿದ್ದ, ಬಡಿಸುತ್ತಿದ್ದ ನಾನು ಬಕೆಟ್ ಇಟ್ಟು ಬರುತ್ತಿದ್ದೆ. ಇಬ್ಬರೂ ಕಾಲು ರೊಟ್ಟಿ, ಒಂದಿಷ್ಟು ಪಲ್ಯ ತಿಂದು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೆವು.

"ಮಾಲಕ್ರ, ಗುಡಿಯೊಳಗ ದೇವರಿಗೆ ಗಂಟಿ, ಇಲ್ಲಿ ನಿಮಗ ಗಂಟಿ," ಎಂದು ಗಿರಾಕಿಗಳು ಚಾಷ್ಟಿ ಮಾಡುತ್ತಿದ್ದರು.

"ದೇವರಿಗೂ ಹೊಟ್ಟಿ ಇಲ್ಲಪಾ. ಅದಕ್ಕ ಎಡಿ ತೋರಿಸಿ ನೀವ ತಿಂತೀರಿ," ಎಂದು ಅಂದಾನಪ್ಪ ಚಿಲ್ಲರೆ ಎಣಿಸುತ್ತ ಅನ್ನುತ್ತಿದ್ದ.

ಮನೆಯಲ್ಲಿ ಉಳಿದ ಎರಡು ಹೊಟ್ಟೆಗಳಲ್ಲಿ ಒಂದು ದಾಕ್ಷವ್ವನದು. ಅವಳು ರೋಣದ ಕಡೆಯವಳು, ನಮ್ಮ ವಂಶದ ರಕ್ತವಲ್ಲ. ಇನ್ನೊಂದು ನಮ್ಮ ಮಗಳು ವಚನಾಳದು. ಅವಳ ರಕ್ತ ಪರೀಕ್ಷೆ ಮಾಡಿಸಿದಾಗ ಹರಿದ ಪ್ರತಿ ಅವಳಲ್ಲೂ ಸಿಕ್ಕಿತು. ಹಳೆಯ ಕಾಲವಾಗಿದ್ದರೆ ಅವಳ ಜಠರವನ್ನೂ ಆಗಲೇ ತೆಗೆಸುತ್ತಿದ್ದೆವು. ಅಷ್ಟರಲ್ಲಿ ಬಳೆ ಬಂತು.

ಧಾರವಾಡದ ಗುಡ್ಡದ ಮೇಲೆ ವಂಶಕಾವಲು ಕೇಂದ್ರ ಅಂತ ಒಂದು ಸಂಶೋಧನಾ ಸಂಸ್ಥೆ. ಬಳೆ ಅಲ್ಲಿಯದು. ನೋಡಲು ಮಾಮೂಲು ಬಳೆಯಂತೆಯೇ. ಒಳಮೈಯಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳು. ಅವು ಚರ್ಮದ ಅಡಿಯ ನೀರನ್ನು ಹೀರುತ್ತ, ಅಂಟು ಕಳೆದುಕೊಂಡ ಕೋಶಗಳ ಚೂರು ಎಲ್ಲಾದರೂ ತೇಲುತ್ತಿದೆಯೇ ಎಂದು ಹುಡುಕುತ್ತವೆ. ಸಿಕ್ಕ ಸುದ್ದಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಯ ಯಂತ್ರ ಎಲ್ಲವನ್ನೂ ತೂಗಿ ನೋಡಿ, ಮರುದಿನ ಬೆಳಗಿಗೆ ಬಳೆಯ ದೀಪದ ಬಣ್ಣ ನಿರ್ಧರಿಸುತ್ತದೆ. ಹಸಿರು ಇರುವ ತನಕ ಜಠರ ಇಟ್ಟುಕೊಳ್ಳಬಹುದು. ಕೆಂಪು ಆದರೆ, ಕೂಡಲೇ ತೆಗೆಯಬೇಕು. ಮೊದಲ ಕೋಶ ಮನೆ ಬಿಟ್ಟ ದಿನವೇ ಗೊತ್ತಾಗಿಬಿಟ್ಟರೆ ಹೊಟ್ಟೆಯನ್ನು ಮೊದಲೇ ಯಾಕೆ ಬಲಿ ಕೊಡಬೇಕು ಎನ್ನುವುದು ಅವರ ವಾದ.

ಹಸಿರು ಬಳೆ ಎಂದರೆ ನಮ್ಮ ಕಡೆ ಮೊದಲಿಂದಲೂ ಶುಭ. ಈಗ ಅದಕ್ಕೆ ವಿಜ್ಞಾನದ ಆಶೀರ್ವಾದವೂ ಸಿಕ್ಕಿತು. ವಧು-ವರರ ಕೇಂದ್ರಗಳಲ್ಲಿ ಜಾತಕದ ಜೊತೆ ಬಳೆಯ ಫೋಟೋ ಕೇಳತೊಡಗಿದರು. ಬಜಾರದ ಫುಟ್‌ಪಾತಿನಲ್ಲಿ ಎಂದೂ ಕೆಂಪಾಗದ ಗ್ಯಾರಂಟಿ ಬಳೆಗಳು ರಾಶಿ ಬಿದ್ದವು. ವಚನಾಳ ಬಳೆ ಅಸಲಿ. ಅದಕ್ಕೆ ಅವಳ ಹೆಸರು ಗೊತ್ತು, ನಂಬರು ಗೊತ್ತು. ಕೈ ಗೊತ್ತಿರಲಿಲ್ಲ. ಒಬ್ಬರ ಬಳೆಯನ್ನು ಇನ್ನೊಬ್ಬರು ಯಾಕೆ ಹಾಕಿಕೊಳ್ಳುತ್ತಾರೆ ಎಂದು ಮಾಡಿದವರಿಗೆ ಅನ್ನಿಸಿರಬೇಕು. ಅವರ ಮನೆಯಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೋ ಏನೋ.

ವಚನಾ ಕಾಲೇಜು ಮುಗಿಸಿ ಖಾನಾವಳಿಗೇ ನಿಂತವಳು. ಮಧ್ಯಾಹ್ನದ ಗದ್ದಲದಲ್ಲಿ ಒಲೆಯ ಮುಂದೆ ಕೂತು ಅವಳು ರೊಟ್ಟಿ ಬಡಿದರೆ ತಾಳ ಹಾಕಿದಂತೆ ಕೇಳುತ್ತಿತ್ತು. ಮೊದಲ ಬಳೆ ಆ ಬಡಿತಕ್ಕೇ ಸೀಳಿತು. ಕೇಂದ್ರದ ರಿಪೇರಿ ವಿಭಾಗದವರು ಹೊಸದು ಕೊಟ್ಟು, "ರೊಟ್ಟಿ ಬಡಿಯುವಾಗ ತೆಗೆದಿಡಿ," ಎಂದರು. ತೆಗೆದು ಗೋಡೆಯ ಮೊಳೆಗೆ ಹಾಕಿದರೆ, ಬಳೆ ಕೈಯಲ್ಲಿಲ್ಲವೆಂದು ಸ್ವಲ್ಪ ಹೊತ್ತಿಗೇ ಕಿರ್ರೆಂದು ಅರಚುತ್ತಿತ್ತು. ಧಾರವಾಡದಿಂದ ಫೋನೂ ಬರುತ್ತಿತ್ತು.

ದಾಕ್ಷವ್ವನಿಗೆ ಅರಚಾಟಕ್ಕಿಂತ ಮೊಳೆಯೇ ಸಂಕಟ. "ಕೈ ಬಿಟ್ಟ ಬಳಿ ಮೊಳಿಗೆ ತೂಗ್ಹಾಕಬಾರದವ್ವಾ. ಹಸರ ಬಳಿ ಅದು. ತಾ ಇಲ್ಲೆ," ಎಂದು ಅದನ್ನು ತನ್ನ ಕೈಗೆ ಏರಿಸಿಕೊಂಡಳು. ಅವಳದು ರೊಟ್ಟಿ ಬಡಿಯುವ ಕೆಲಸವಲ್ಲ, ಪಲ್ಯ ತಿರುವುವ ಕೆಲಸ. ಬಳೆ ಸುಮ್ಮನಾಯಿತು. ಅಂದಿನಿಂದ ಅದೇ ರೂಢಿ. ಮಧ್ಯಾಹ್ನ ಮಗಳು ಬಳೆ ಬಿಚ್ಚುವುದು, ಅವ್ವ ಹಾಕಿಕೊಳ್ಳುವುದು, ಗದ್ದಲ ಇಳಿದ ಮೇಲೆ ಮರಳಿ ಕೊಡುವುದು. ದಿನಾ ನನ್ನ ಕಣ್ಣೆದುರೇ ನಡೆಯುತ್ತಿತ್ತು. ದಿನಾ ನೋಡುವುದನ್ನು ಯಾರು ನೋಡುತ್ತಾರೆ?

ಮಹಾನವಮಿ ಮುಗಿದ ವಾರ, ಒಂದು ಬೆಳಗ್ಗೆ ವಚನಾ ಹಲ್ಲುಜ್ಜುತ್ತ ಬಂದು ನನ್ನ ಮುಂದೆ ಕೈ ಚಾಚಿದಳು. ಬಳೆ ಕೆಂಪಾಗಿತ್ತು.

"ಅಪ್ಪಾ, ಸಿಗ್ನಲ್ ಬಿತ್ತು," ಎಂದಳು.

ನಾನು "ಹೂಂ" ಎಂದೆ. ಒಲೆಯ ಮೇಲೆ ಹಾಲು ಇತ್ತು. ಉಕ್ಕುವ ಮೊದಲು ಇಳಿಸಿದೆ.

*

ಕೇಂದ್ರದಲ್ಲಿ ನಮ್ಮನ್ನು ನೋಡುತ್ತಿದ್ದವರು ಡಾಕ್ಟರ್ ಮೇದಿನಿ, ಮೈಸೂರಿನವರು. ಅವರ ಕೋಣೆಯ ಗೋಡೆಯ ತುಂಬ ನಮ್ಮ ವಂಶಾವಳಿ. ಖಾನಾವಳಿ ನಡೆಸುವವರ ವಂಶಾವಳಿ ಗೋಡೆಯ ತುಂಬ ಇರುವುದು ನಮಗೆ ಹೆಮ್ಮೆ ಆಗಬೇಕಾದದ್ದೇ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಹರಿದ ಪ್ರತಿ ಇದ್ದವರಿಗೆ ಕಪ್ಪು ತುಂಬಿದ್ದರು. ಸತ್ತವರ ಮೇಲೆ ಅಡ್ಡಗೆರೆ. ನಮ್ಮ ಅಪ್ಪನ ತಲೆಮಾರು ಪೂರ್ತಿ ಹೊಡೆದುಹಾಕಿದ ಲೆಕ್ಕದಂತಿತ್ತು.

ನನ್ನ ಕಪ್ಪು ಚೌಕದ ಪಕ್ಕ ಒಂದು ಖಾಲಿ ವೃತ್ತ. ದಾಕ್ಷವ್ವ ಅದರ ಮೇಲೆ ಬೆರಳಿಟ್ಟಳು.

"ಇದ ನಾನೇನ್ರೀ?"

"ಹೌದಮ್ಮ, ನೀವೇ."

"ಖಾಲಿ ಐತೆಲ್ರೀ."

"ಖಾಲಿ ಇದ್ರೆ ಒಳ್ಳೇದಮ್ಮ. ನಿಮಗೆ ಈ ಕಾಯಿಲೆ ಮನೆತನದಿಂದ ಬಂದಿಲ್ಲ ಅಂತ ಅರ್ಥ."

"ರೊಟ್ಟಿ ಹಂಗ ದುಂಡಗ ಐತಿ," ಎಂದು ದಾಕ್ಷವ್ವ ನಕ್ಕಳು. ಆಮೇಲೆ ಯಾರೂ ಆ ವೃತ್ತದ ಕಡೆ ನೋಡಲಿಲ್ಲ.

ವಚನಾಳ ಜಠರದೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಏನೂ ಸಿಗಲಿಲ್ಲ.

"ಹಂಗಾರ ಏನೂ ಇಲ್ಲಲ್ರೀ?" ದಾಕ್ಷವ್ವ ಎದ್ದು ನಿಂತಳು.

"ಹಾಗಲ್ಲಮ್ಮ. ಈ ಥರದ್ದು ಗಡ್ಡೆ ಕಟ್ಟೋದಿಲ್ಲ. ಬಿತ್ತಿದ ಹಾಗೆ ಗೋಡೆಯೊಳಗೇ ಹರಡ್ಕೊಂಡು ಹೋಗತ್ತೆ. ಶುರುವಿನಲ್ಲಿ ಕ್ಯಾಮೆರಾಗೆ ಕಾಣೋದೇ ಇಲ್ಲ. ಬಳೆ ಹೇಳಿದ ಮೇಲೆ ಇದೆ ಅಂತಲೇ ಲೆಕ್ಕ."

ಅಂದಾನಪ್ಪ ಕುರ್ಚಿಯಲ್ಲಿ ಒರಗಿದ. "ಕಂಡ್ರೂ ಐತಿ, ಕಾಣದಿದ್ರೂ ಐತಿ. ದೇವರಿಗಿಂತ ಗಟ್ಟಿ ಆತಲ್ರೀ ಇದು."

ಮೇದಿನಿಯವರು ನಗಲಿಲ್ಲ. ಮುಂದಿನ ಸೋಮವಾರ ಆಪರೇಶನ್ ಎಂದರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವಚನಾಳ ಹೆಸರಿನಲ್ಲಿ ಹಾಸಿಗೆ ಕಾದಿರಿಸಿದರು.

*

ಸುದ್ದಿ ಕೇಳಿ ಮನೆಯಲ್ಲಿ ಯಾರೂ ಅಳಲಿಲ್ಲ. ನಮ್ಮಲ್ಲಿ ಅದರ ಅಭ್ಯಾಸ ತಪ್ಪಿಹೋಗಿದೆ. ವಚನಾ ಮಾತ್ರ ತನ್ನ ಜಠರಕ್ಕೆ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಳು.

ಚಿಕ್ಕವಳಿದ್ದಾಗಿನಿಂದ ಅವಳು ತಿನ್ನುವುದನ್ನು ನೋಡುವುದೇ ಒಂದು ಚಂದ. ಖಾನಾವಳಿಯ ಯಾವ ಪಲ್ಯಕ್ಕೂ ಉಪ್ಪು-ಖಾರ ನೋಡುವವಳು ಅವಳೇ. ನನಗೂ ಅಣ್ಣನಿಗೂ ನಾಲಿಗೆಯ ರುಚಿ ಇದೆ, ಆದರೆ ಇನ್ನಷ್ಟು ಬೇಕು ಅನ್ನಿಸುವುದಿಲ್ಲ. ಅದು ಅನ್ನಿಸದವರ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಆ ವಾರ ಅವಳು ಗಿರಮಿಟ್ ತಿಂದಳು, ಮೇಲೆ ಮಿರ್ಚಿ ತಿಂದಳು, ಎಣ್ಣೆಗಾಯಿ ಬದನೆಯ ಜೊತೆ ಒಂದಾದ ಮೇಲೊಂದು ರೊಟ್ಟಿ ತಿಂದಳು. ದಾಕ್ಷವ್ವ ಶೇಂಗಾ ಹೋಳಿಗೆ ಮಾಡಿದಳು, ಮಾದಲಿ ಮಾಡಿದಳು, ಮಗಳ ಮುಂದೆ ಕೂತು ತುಪ್ಪ ಸುರಿದಳು.

"ನೀನೂ ಒಂದ್ ತಿನ್ನವ್ವಾ."

"ನಾ ಒಲ್ಲೆ. ಗಂಟಲಾಗ ಇಳಿವಲ್ದು. ನಿನ್ನ ಚಿಂತಿ."

ಅವಳ ಕುಪ್ಪಸದ ತೋಳು ಜೋತುಬಿದ್ದಿತ್ತು. ಚಿಂತೆ ಎಂದೆವು. ಸಂಜೆಯಾದರೆ ಮೂಲೆಯ ಅಂಗಡಿಗೆ ಹೋಗಿ ಗೋಲಿ ಸೋಡಾದಲ್ಲಿ ಉಪ್ಪು ಹಾಕಿಸಿ ಕುಡಿದು ಬರುತ್ತಿದ್ದಳು. ಅದು ಆ ವಾರದ್ದಲ್ಲ, ಬೇಸಿಗೆಯಿಂದಲೂ ಇದ್ದದ್ದು. ಅದಕ್ಕೂ ಏನೋ ಒಂದು ಅಂದಿದ್ದೆವು. ಬಿಸಿಲು ಅಂದಿರಬೇಕು.

ಗಿರಾಕಿಗಳು ಹೋದ ಮೇಲೆ ವಚನಾ ನನ್ನ ಪಕ್ಕ ಬೆಂಚಿನ ಮೇಲೆ ಕೂತಳು.

"ಅಪ್ಪಾ, ಹಸಿವಿ ಇಲ್ಲಂದ್ರ ಹ್ಯಾಂಗ ಇರತೈತಿ?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಯೋಚನೆ ಮಾಡಿದೆ. "ಯಾರೋ ಕರೀತಾರ ಅಂತ ಕಾಯ್ಕೋತ ಕೂತಂಗ. ಯಾರೂ ಕರಿಯೂದಿಲ್ಲ. ಸ್ವಲ್ಪ ದಿವಸಕ್ಕ ಕಾಯೂದೂ ಬಿಟ್ಟುಹೋಗತೈತಿ."

"ಅತ್ತಿದ್ದೇನು ನೀ, ಆವಾಗ?"

"ಇಲ್ಲವಾ. ನಿಮ್ಮವ್ವ ಗಂಟಿ ಬಾರಿಸಿದ್ಲು. ಎದ್ದು ಹೋಗಿ ಉಂಡೆ."

"ನಂಗ ಬ್ಯಾಡಪಾ," ಎಂದಳು. "ಸಾಯೂದು ಬ್ಯಾಡ, ಹಿಂಗ ಇರೂದೂ ಬ್ಯಾಡ."

ಅಪ್ಪನಾದವನು ಇಲ್ಲಿ ಏನಾದರೂ ಹೇಳಬೇಕಿತ್ತು. ಒಳಗಿನಿಂದ ಪರಾತ ಟಣ್ ಎಂದಿತು. ನಾನು ಎದ್ದು ಹೋದೆ.

*

ಶುಕ್ರವಾರ ಮೇದಿನಿಯವರು ನನ್ನನ್ನೊಬ್ಬನನ್ನೇ ಧಾರವಾಡಕ್ಕೆ ಕರೆಸಿದರು. ಆಪರೇಶನ್ ವಿಷಯ ಇರಬೇಕು ಎಂದುಕೊಂಡು ಹೋದರೆ, ಅವರ ಮುಖದಲ್ಲಿ ಹಬ್ಬದ ಕಳೆ.

"ಕೂತ್ಕೊಳ್ಳಿ ಕಳಕಪ್ಪನವರೇ. ನಿಮ್ಮ ಮಗಳ ಕೇಸಿನಲ್ಲಿ ಒಂದು ವಿಶೇಷ ಸಿಕ್ಕಿದೆ. ಪ್ರಪಂಚದಲ್ಲಿ ಇದುವರೆಗೂ ಯಾರೂ ನೋಡಿಲ್ಲ."

ಪರದೆಯ ಮೇಲೆ ಒಂದು ಗೆರೆ ಮೂಡಿಸಿದರು. ಬಯಲುಸೀಮೆಯ ಹಾಗೆ ಸಪಾಟಾಗಿ ಹೋಗುತ್ತಿದ್ದ ಗೆರೆ ದಿನಾ ಒಂದು ಕಡೆ ದಿಬ್ಬದಂತೆ ಏಳುತ್ತಿತ್ತು, ಮತ್ತೆ ಇಳಿಯುತ್ತಿತ್ತು. ದಿಬ್ಬ ದಿನದಿಂದ ದಿನಕ್ಕೆ ಎತ್ತರವಾಗಿತ್ತು.

"ಕೆಟ್ಟ ಕೋಶದ ಚೂರುಗಳು ಇವು. ರಾತ್ರಿ ಇಲ್ಲ, ಬೆಳಗ್ಗೆ ಇಲ್ಲ. ಮಧ್ಯಾಹ್ನ ಮಾತ್ರ ಬರ್ತವೆ, ಸಂಜೆಗೆ ಮಾಯ! ಇದಕ್ಕೆ ನಾನು ಮಧ್ಯಾಹ್ನದ ಅಲೆ ಅಂತ ಹೆಸರಿಟ್ಟಿದೀನಿ. ಸೋಮವಾರ ನಿಮ್ಮ ಖಾನಾವಳಿ ರಜಾ ಅಲ್ವಾ? ಇಲ್ನೋಡಿ, ಸೋಮವಾರ ಅಲೆ ಇಲ್ಲ. ಒಲೆ ಇಲ್ಲದ ದಿನ ಅಲೆ ಇಲ್ಲ! ಅಂದ್ರೆ ಒಲೆಯ ಶಾಖಕ್ಕೂ ಈ ಕೋಶ ಎಚ್ಚರ ಆಗೋದಕ್ಕೂ ಸಂಬಂಧ ಇದೆ. ಮುಂದಿನ ತಿಂಗಳು ಜಿನೀವಾದಲ್ಲಿ ಇದರ ಮೇಲೆ ಮಾತಾಡ್ತಿದೀನಿ. ನಿಮ್ಮ ಅಡುಗೆಮನೆಯದ್ದೊಂದು ಫೋಟೋ ಬೇಕಿತ್ತು."

ನಮ್ಮ ಒಲೆ ಜಿನೀವಾಕ್ಕೆ ಹೊರಟು ನಿಂತಿತ್ತು. ನಾನು ದಿಬ್ಬಗಳನ್ನೇ ನೋಡುತ್ತಿದ್ದೆ.

"ಈ ಉಬ್ಬಿದ್ದು ಮಧ್ಯಾಹ್ನದ್ದ ಏನ್ರೀ?"

"ಹೌದು. ನಿಮ್ಮ ಮಗಳು ಒಲೆ ಮುಂದೆ ಕೂತಾಗ."

"ಒಲಿ ಮುಂದ ಕೂತಾಗ ಅಕಿ ಕೈಯಾಗ ಬಳಿ ಇರೂದಿಲ್ರೀ."

"ಇರತ್ತೆ. ಇಲ್ದೆ ಇದ್ರೆ ನಮಗೆ ಅಲಾರ್ಮ್ ಬರ್ತಿತ್ತು. ನೋಡಿ, ದಸರೆ ಹಿಂದೆ ಇಲ್ಲಿ ಎರಡು ದಿನ ಬಂದಿದೆ. ಉಳಿದ ದಿನ ಎಲ್ಲ ಬಳೆ ಕೈಯಲ್ಲೇ ಇದೆ."

ಆ ಎರಡು ದಿನ ನನಗೆ ನೆನಪಿತ್ತು. ಆ ದಿನ ಬಳೆ ಮೊಳೆಯ ಮೇಲೆ ಅರಚಿ ಅರಚಿ ಗಿರಾಕಿಗಳು ಎದ್ದು ನೋಡಿದ್ದರು.

"ಆ ಎರಡು ದಿವಸ ನನ್ನ ಹೇಣ್ತಿ ತವರಮನಿಗೆ ಹೋಗಿದ್ಲರೀ," ಎಂದೆ.

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ರೊಟ್ಟಿ ಬಡಿಯೂಮುಂದ ಮಗಳು ಬಳಿ ತಗೀತಾಳ್ರೀ. ಹಂಗ ತಗಿ ಅಂತ ನಿಮ್ಮ ರಿಪೇರಿಯವರ ಹೇಳಿದ್ರು. ತಗದಾಗ ಅದು ಅಕಿ ಅವ್ವನ ಕೈಯಾಗ ಇರತೈತಿ. ದಿನಾ."

ಮೇದಿನಿಯವರ ಕೈ ಪರದೆಯ ಮೇಲೆಯೇ ನಿಂತಿತು. ರಿಪೇರಿ ವಿಭಾಗ ಹೇಳಿದ್ದು ಸಂಶೋಧನಾ ವಿಭಾಗಕ್ಕೆ ಗೊತ್ತಿರಲಿಲ್ಲ. ಒಂದೇ ಕಟ್ಟಡ, ನಡುವೆ ಎರಡು ಮಹಡಿ ಮತ್ತು ಒಂದು ಕೆಟ್ಟ ಲಿಫ್ಟು. ಅಲೆ ಹೋಯಿತು, ಜಿನೀವಾ ಹೋಯಿತು, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹೋಗುವುದು ಕಾಣುತ್ತಿತ್ತು. ಆಮೇಲೆ ಉಳಿದದ್ದು ಮಾತ್ರ ಕಾಣತೊಡಗಿತು.

"ಅಂದ್ರೆ ಈ ಚೂರುಗಳು…"

"ಅಕಿವು," ಎಂದೆ.

ಅವರು ತಕ್ಷಣ ಕೀಲಿಮಣೆಯ ಕಡೆ ತಿರುಗಿದರು. ಹೆಸರು, ವಯಸ್ಸು ಹಾಕಿದರು. ಮನೆತನದೊಂದಿಗೆ ರಕ್ತಸಂಬಂಧ ಏನೆಂದು ಯಂತ್ರ ಕೇಳಿತು. ಇಲ್ಲ ಎಂದು ಒತ್ತಿದರು. ಈ ವ್ಯಕ್ತಿ ನಮ್ಮ ಅಧ್ಯಯನಕ್ಕೆ ಸೇರುವುದಿಲ್ಲ ಎಂದು ಯಂತ್ರ ವಿನಯದಿಂದ ಹೇಳಿತು. ಮತ್ತೆ ಹಾಕಿದರು. ಮತ್ತೆ ಅಷ್ಟೇ ವಿನಯ.

"ಅವರಿಗೆ ಹೇಗೆ ಬರತ್ತೆ? ಅವರಲ್ಲಿ ಹರಿದ ಪ್ರತಿ ಇಲ್ವಲ್ಲ," ಎಂದರು ಮೇದಿನಿಯವರು. ಹೇಳಿದ್ದು ನನಗಲ್ಲ, ಗೋಡೆಗೆ. ಆಮೇಲೆ ತಾವೇ ಸಣ್ಣ ದನಿಯಲ್ಲಿ, "ಎಲ್ಲರಿಗೂ ಬರೋ ಹಾಗೆ ಬಂದಿದೆ. ಎರಡೂ ಪ್ರತಿ ಸರಿ ಇದ್ದು, ತಾನಾಗೇ ಎರಡೂ ಹರಿದು. ಅದೂ ಆಗತ್ತೆ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ನೋವು ಅಂತ ಏನಾದ್ರೂ ಹೇಳಿದ್ರಾ ಅವ್ರು?"

"ಸೋಡಾ ಕುಡೀತಿದ್ಲರೀ," ಎಂದೆ.

ವಾಪಸು ಬರುವ ಬಸ್ಸಿನಲ್ಲಿ ಅಣ್ಣಿಗೇರಿ ದಾಟುವಾಗ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಅಲ್ಲಿ ಹೊಟ್ಟೆ ಇಲ್ಲವೆಂದು ನನಗೆ ಗೊತ್ತು. ತೆಗೆದವರೇ ಹೇಳಿದ್ದಾರೆ. ಆದರೂ ಗದಗ ಬರುವ ತನಕ ಕೈ ಅಲ್ಲೇ ಇಟ್ಟುಕೊಂಡು ಕೂತಿದ್ದೆ.

*

ಮನೆಗೆ ಬಂದಾಗ ದಾಕ್ಷವ್ವ ಪುಂಡಿಸೊಪ್ಪು ಬಿಡಿಸುತ್ತಿದ್ದಳು. ವಚನಾ ಅವಳ ಪಕ್ಕದಲ್ಲಿ ಚುರಮುರಿ ತಿನ್ನುತ್ತಿದ್ದಳು. ಅಂದಾನಪ್ಪ ಬಾಗಿಲಿಗೆ ಒರಗಿ ನಿಂತಿದ್ದ. ಬರುವಾಗ ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಚಪ್ಪಲಿ ಬಿಡುವಾಗಲೇ ಬಿಟ್ಟುಹೋಯಿತು.

"ವಚನಾಗ ಏನೂ ಆಗಿಲ್ಲ. ಸೋಮವಾರ ಆಪರೇಶನ್ ಇಲ್ಲ. ಬಳಿ ಮಧ್ಯಾಹ್ನ ನಿನ್ನ ಕೈಯಾಗ ಇದ್ದಾಗ ಅದು ಕೆಂಪ ಸುದ್ದಿ ಕಳಿಸೈತಿ."

ದಾಕ್ಷವ್ವನಿಗೆ ಕೇಳಿಸಿದ್ದು ಮೊದಲನೆಯ ಮಾತು ಮಾತ್ರ. ಸೊಪ್ಪಿನ ಕೈಯಲ್ಲೇ ಮಗಳ ಗಲ್ಲ ಹಿಡಿದಳು. "ಏನೂ ಇಲ್ಲ! ನಾ ಹೇಳಿದ್ನಿಲ್ಲ? ಕ್ಯಾಮೆರಾ ಸುಳ್ಳ ಹೇಳೂದಿಲ್ಲ ಅಂತ ನಾ ಆವತ್ತ ಹೇಳಿದ್ನಿಲ್ಲ?" ನಕ್ಕಳು, ಎದ್ದಳು. ಹೋಳಿಗೆಗೆ ಬೇಳೆ ಹಾಕುತ್ತೇನೆ ಎಂದಳು. ಯಾರೂ ನಗುತ್ತಿಲ್ಲವೆಂದು ಅವಳಿಗೆ ಗೊತ್ತಾಗಲು ಒಂದಿಷ್ಟು ಹೊತ್ತು ಬೇಕಾಯಿತು.

"ಅವ್ವಾ," ಎಂದಳು ವಚನಾ. ಚುರಮುರಿ ಕೈಯಲ್ಲೇ ಇತ್ತು. "ಹಂಗಾರ ಅದು ನಿಂದು."

"ನಂದ್ ಏನ?"

"ಕೆಂಪ ದೀಪ."

"ನನಗ್ಯಾಕ ಬರತೈತಿ? ನಾ ಏನ್ ಇವರ ಮನೆತನದಾಕಿ ಏನ? ನಂದು ಖಾಲಿ ಐತಿ. ಡಾಕ್ಟರ್ ಬಾಯಾರ ಹೇಳ್ಯಾರ, ನೀವ ಕೇಳೀರಿ!"

"ಹೊಟ್ಟಿ ನೋಯಿಸತೈತೇನು?" ಎಂದೆ. ಮದುವೆಯಾದಂದಿನಿಂದ ಈ ಪ್ರಶ್ನೆಯನ್ನು ನಾನು ಅವಳಿಗೆ ಕೇಳಿದ್ದು ಅದೇ ಮೊದಲು. ಅವಳು ಮಾತ್ರ ನಮ್ಮನ್ನು ದಿನಾ ಕೇಳುತ್ತಿದ್ದಳು.

ಅವಳು ಸೊಪ್ಪಿನ ಕಡ್ಡಿ ಮುರಿಯುತ್ತ ಕೂತಳು. "ಬ್ಯಾಸಗಿಯಿಂದ ಐತಿ. ತಿಂದದ್ದು ಇಳಿಯೂದಿಲ್ಲ. ಸೋಡಾ ಕುಡದ್ರ ಸ್ವಲ್ಪ ಹಗರ."

"ಹೇಳಬಾರದಾಗಿತ್ತೇನವಾ?" ಅಂದಾನಪ್ಪ ಕೇಳಿದ. ಅವನ ಧ್ವನಿಯಲ್ಲಿ ಚಾಷ್ಟಿ ಇಲ್ಲದ್ದನ್ನು ನಾನು ಬಹಳ ವರ್ಷಗಳಲ್ಲಿ ಕೇಳಿರಲಿಲ್ಲ.

"ಹ್ಯಾಂಗ ಹೇಳ್ಲಿ ಭಾವಾರ? ಈ ಮನಿಯೊಳಗ ಹೊಟ್ಟಿ ನೋಯಿಸತೈತಿ ಅಂತ ಯಾರ ಮುಂದ ಅನ್ಲಿ? ನಿಮಗ ಇಬ್ಬರಿಗೂ ಹೊಟ್ಟೀನ ಇಲ್ಲ."

ಅವಳು ಅದನ್ನು ಚಾಷ್ಟಿಗೆ ಅಂದದ್ದಲ್ಲ. ನಿಜವಾಗಿಯೂ ನಾಚಿಕೆಯಿಂದಲೇ ಅಂದಳು. ಉಪವಾಸ ಇದ್ದವರ ಮನೆಯಲ್ಲಿ ಅಜೀರ್ಣದ ಮಾತಾಡಿದಂತೆ.

ವಚನಾ ತನ್ನ ಕೈಯಿಂದ ಬಳೆ ತೆಗೆದು ಅವ್ವನ ಕೈಗೆ ಹಾಕಲು ಹೋದಳು. "ಬ್ಯಾಡ ಬ್ಯಾಡ, ನಿಂದದು," ಎಂದು ದಾಕ್ಷವ್ವ ಕೈ ಹಿಂದಕ್ಕೆ ಎಳೆದಳು. ಅವ್ವ ಬಳೆ ಬೇಡವೆಂದದ್ದು ನೋಡಿ ಮಗಳು ಅತ್ತಳು. ಆ ವಾರದಲ್ಲಿ ನಮ್ಮ ಮನೆಯಲ್ಲಿ ಯಾರಾದರೂ ಅತ್ತದ್ದು ಅದೇ ಮೊದಲು.

*

ಸೋಮವಾರ ಮಗಳಿಗೆ ಕಾದಿರಿಸಿದ್ದ ಹಾಸಿಗೆಯಲ್ಲಿ ಅವ್ವ ಮಲಗಿದಳು. ಕಾಲ್ದೆಸೆಯಲ್ಲಿ ತೂಗುಹಾಕಿದ ಚೀಟಿಯಲ್ಲಿ ಇನ್ನೂ ವಚನಾ ಎಂದೇ ಇತ್ತು. ಮೇದಿನಿಯವರು ತಾವೇ ಬಂದು ಅದನ್ನು ಹೊಡೆದು ಹಾಕಿ ದಾಕ್ಷಾಯಣಿ ಎಂದು ಬರೆದರು. ಅವರು ಬರಬೇಕಾಗಿರಲಿಲ್ಲ. ಅವರ ಅಧ್ಯಯನಕ್ಕೆ ಸೇರದ ರೋಗಿ ಇದು. ಬಂದು, ದಾಕ್ಷವ್ವನ ಪಕ್ಕ ಕೂತರು.

"ಕ್ಷಮಿಸಿ ಅಮ್ಮ. ನಾವು ನಿಮ್ಮನ್ನು ನೋಡ್ಲೇ ಇಲ್ಲ."

"ಇರಲಿ ಬಿಡ್ರೀ. ನನ್ನ ನೋಡಾಕ ನೀವೇನ್ ಬೀಗರ?" ಎಂದಳು ದಾಕ್ಷವ್ವ.

ಕ್ಯಾಮೆರಾ ಈ ಸಲ ಹುಡುಕಬೇಕಾಗಲಿಲ್ಲ. ಜಠರದ ಅರ್ಧ ಗೋಡೆ ತೊಗಲಿನಂತೆ ಗಟ್ಟಿಯಾಗಿತ್ತು. ಮುಂದಿನ ವಾರ ಜಠರವನ್ನು ಪೂರ್ತಿ ತೆಗೆದರು. ತೆಗೆದ ಡಾಕ್ಟರು ಹೊರಗೆ ಬಂದು, "ಎಲ್ಲಾ ಬಂದದ ಅನಸ್ತದ," ಎಂದರು. ಅಂದಾನಪ್ಪ, "ಅನಸ್ತದ ಅಂದ್ರ?" ಎಂದ. "ಅನಸ್ತದ ಅಂದ್ರ ಅನಸ್ತದ," ಎಂದು ಅವರು ಮುಖದ ಬಟ್ಟೆ ಬಿಚ್ಚಿದರು. ಇನ್ನೊಂದು ತಿಂಗಳು ತಡವಾಗಿದ್ದರೆ ಅಷ್ಟನ್ನೂ ಹೇಳಲು ಆಗುತ್ತಿರಲಿಲ್ಲವಂತೆ. ಮೊಳೆಗೆ ಹಾಕಿದ ಬಳೆ ಅಶುಭ ಎನ್ನುವ ಒಂದು ನಂಬಿಕೆ ಇಲ್ಲದಿದ್ದರೆ ಆ ತಿಂಗಳು ತಡವಾಗಿಯೇ ಆಗುತ್ತಿತ್ತು. ಈ ಮಾತನ್ನು ಜಿನೀವಾದಲ್ಲಿ ಯಾರೂ ಹೇಳುವುದಿಲ್ಲ.

ಈಗ ನಮ್ಮ ಮನೆಯಲ್ಲಿ ನಾಲ್ಕು ಜನ, ಹೊಟ್ಟೆ ಒಂದೇ. ಅದು ಹಸಿರಾಗಿದೆ. ವಚನಾ ಬಳೆಯನ್ನು ಈಗ ಮಧ್ಯಾಹ್ನವೂ ಬಿಚ್ಚುವುದಿಲ್ಲ; ರೊಟ್ಟಿ ಬಡಿಯಲು ಬೇರೆ ಇಬ್ಬರನ್ನು ಇಟ್ಟಿದ್ದೇವೆ. ತಾಳ ಸ್ವಲ್ಪ ತಪ್ಪಿದೆ.

ದಾಕ್ಷವ್ವ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಗಲ್ಲಾದ ಮೇಲೆ ತಲೆಯಿಟ್ಟು ಅಂದಾನಪ್ಪ ಕುಸಿದು ಕೂತಿದ್ದ. ಮೈ ಬೆವರಿತ್ತು. ನನಗೂ ಕಣ್ಣು ಕತ್ತಲೆ ಬರುತ್ತಿತ್ತು. ಏನಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ವಚನಾ ಓಡಿ ಬಂದು, "ಮುಂಜಾನಿಂದ ಏನರೆ ತಿಂದೀರೇನು?" ಎಂದು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ಪರಾತ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಬೆಳಗಿನಿಂದ ಅದನ್ನು ಯಾರೂ ಬಡಿದಿರಲಿಲ್ಲ.

ಡಾಕ್ಟರು ಬಾಯಿಗೆ ಕೊಡಬಹುದು ಎಂದ ದಿನ ನಾನು ಆಸ್ಪತ್ರೆಗೆ ಗಂಜಿ ಒಯ್ದೆ. ದಾಕ್ಷವ್ವ ದಿಂಬಿಗೆ ಒರಗಿ ಕೂತಿದ್ದಳು. ಕೈಗಳಲ್ಲಿ ಬಳೆ ಇರಲಿಲ್ಲ, ಸೂಜಿ ಇತ್ತು.

"ಉಣ್ಣು," ಎಂದೆ.

"ಹಸಿವಿಲ್ರೀ."

"ಗೊತ್ತೈತಿ."

"ನನ್ನ ಒಳಗ ಏನೂ ಇಲ್ಲದಂಗ ಆಗೇತಿ."

"ಅದೂ ಗೊತ್ತೈತಿ."

ನಾನು ಚಮಚ ತೆಗೆದುಕೊಂಡು ಸ್ಟೀಲಿನ ತಾಟಿನ ಅಂಚಿಗೆ ಬಡಿದೆ. ಟಿಣ್ ಎಂದಿತು. ಅವಳು ನಕ್ಕಳು, ಹೊಲಿಗೆ ಜಗ್ಗಿ, ಹೊಟ್ಟೆ ಹಿಡಿದುಕೊಂಡಳು.

"ಹಂಗಲ್ರೀ ಬಾರಿಸೂದು. ಅಷ್ಟು ಮೆಲ್ಲಕ ಬಾರಿಸಿದ್ರ ಯಾರಿಗೆ ಕೇಳಸ್ತೈತಿ?"

ನಾನು ಜೋರಾಗಿ ಬಡಿದೆ. ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಬಾಯಿ ತೆರೆದಳು.